ಕೋರ್ಟ್ ಎದುರಿನ ರೆಡಿಮೇಡ್ ಅಪಾಯಿಂಟ್‌ಮೆಂಟ್ ಆರ್ಡರ್: 27ನೇ ಕಲಂ ಯಾರನ್ನು ಕಟ್ಟುತ್ತದೆ, ಯಾರನ್ನು ಬರೀ ಹೆದರಿಸುತ್ತದೆ

ಹಾಸನದ ಕೋರ್ಟ್ ಸುತ್ತಮುತ್ತಲಿನ ಟೈಪಿಂಗ್ ಅಂಗಡಿಗಳಲ್ಲಿ ಬಾಡಿಗೆ ಕರಾರು, ಅಫಿಡವಿಟ್ಟು, ಗಾಡಿ ಮಾರಾಟದ ಕಾಗದಗಳ ಸಾಲಿಗೆ ಈಗ ಹೊಸದೊಂದು ಸರಕು ಸೇರಿದೆ. ಅದು ರೆಡಿಮೇಡ್ ಅಪಾಯಿಂಟ್‌ಮೆಂಟ್ ಆರ್ಡರ್. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ನೇಮಕಾತಿ ಪತ್ರ ಕೊಡುವುದು ಕಾನೂನಿನ ಕಡ್ಡಾಯವಾದ ಮೇಲೆ ಇದಕ್ಕೆ ಗಿರಾಕಿ ಹೆಚ್ಚಿದ್ದು ಸಹಜ. ಅಲ್ಲಿಯವರೆಗೆ ಹಾಜರಿ ಪುಸ್ತಕವೊಂದರಲ್ಲೇ ಕಾಲ ತಳ್ಳುತ್ತಿದ್ದ ಹೊಲಿಗೆ ಘಟಕ, ನರ್ಸಿಂಗ್ ಹೋಂ, ಕಾಫಿ ಕ್ಯೂರಿಂಗ್ ವರ್ಕ್ಸು, ಚಿಕ್ಕಮಗಳೂರು ಕಡೆಯ ರೆಸಾರ್ಟು ಎಲ್ಲಕ್ಕೂ ದಿಢೀರನೆ ಒಂದು ಕಾಗದ ಬೇಕಾಯಿತು. ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಫೈಲಿತ್ತು. ಹೆಸರು, ಸಂಬಳ, ತಾರೀಖು ತುಂಬಿಸಿ ಪ್ರಿಂಟ್ ತೆಗೆದರು.

ಇಲ್ಲಿ ಪರೀಕ್ಷೆಗೆ ತೆಗೆದುಕೊಂಡಿರುವುದು ಅಂಥದ್ದೇ ಒಂದು ನಮೂನೆ. ಅಂಗಡಿಯ ಹೆಸರು ಬೇಡ. ಇದೇ ಸರಕು ನಾಲ್ಕಾರು ಕಡೆ ಸಿಗುತ್ತದೆ. 11 ಪುಟ, 34 ಕಲಂ, ಎಡಗಡೆ ಇಂಗ್ಲಿಷು, ಬಲಗಡೆ ಕನ್ನಡ. ಸಹಿಯ ಜಾಗ ಕೊನೆಯ ಪುಟದಲ್ಲಿ ಮಾತ್ರ.

ಮೊದಲ ಆರು ಪುಟಕ್ಕೆ ದೂರು ಹೇಳುವಂಥದ್ದೇನೂ ಇಲ್ಲ. ಹುದ್ದೆ, ಕೆಲಸದ ವಿವರ, ಮೂಲ ವೇತನ ಮತ್ತು ಭತ್ಯೆಗಳ ಕೋಷ್ಟಕ, ಪಿಎಫ್, ಇಎಸ್‌ಐ ಕಡಿತ, ವಾರದ ರಜೆ, ನೋಟಿಸ್ ಅವಧಿ ಎಲ್ಲ ಸರಿಯಾದ ಜಾಗದಲ್ಲಿವೆ. ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ಬಾಕಿ ವೇತನ ಚುಕ್ತಾ ಮಾಡಬೇಕೆಂಬ ವೇತನ ಸಂಹಿತೆಯ ನಿಯಮವನ್ನೂ ಯಾರೋ ನೆನಪಿಟ್ಟು ಸೇರಿಸಿದ್ದಾರೆ. ಇಷ್ಟಕ್ಕೇ ನಿಂತಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ ಎನ್ನಬಹುದಿತ್ತು.

ತಕರಾರಿರುವುದು 27ನೇ ಕಲಮಿನಲ್ಲಿ. ಅದರ ಕನ್ನಡ ಪಾಠ ಹೀಗಿದೆ: "ಈ ಕರಾರಿನಿಂದಾಗಲಿ ಉದ್ಯೋಗದಿಂದಾಗಲಿ ಉದ್ಭವಿಸುವ, ವೇತನ, ವಜಾ, ಕಿರುಕುಳ ಸೇರಿದಂತೆ ಯಾವುದೇ ವಿವಾದವನ್ನು ಆಡಳಿತ ನಿರ್ದೇಶಕರು ನೇಮಿಸುವ ಏಕೈಕ ಮಧ್ಯಸ್ಥಗಾರರ ಮುಂದೆ ಇಡತಕ್ಕದ್ದು. ಸ್ಥಳ ಬೆಂಗಳೂರು, ಭಾಷೆ ಇಂಗ್ಲಿಷ್. ಖರ್ಚನ್ನು ಉಭಯತರು ಸಮನಾಗಿ ಭರಿಸತಕ್ಕದ್ದು. ತೀರ್ಪು ಅಂತಿಮ, ಉದ್ಯೋಗಿಯು ಬೇರೆ ಯಾವ ನ್ಯಾಯಾಲಯ ಅಥವಾ ಪ್ರಾಧಿಕಾರದ ಮೊರೆ ಹೋಗತಕ್ಕದ್ದಲ್ಲ."

ಮೊದಲ ಎಡವಟ್ಟು ಕಾನೂನಿನದಲ್ಲ, ಭಾಷೆಯದು. ಕನ್ನಡದಲ್ಲಿ ಆರ್ಬಿಟ್ರೇಷನ್ನಿಗೂ ಮಧ್ಯಸ್ಥಿಕೆ ಎನ್ನುತ್ತೇವೆ, ಮೀಡಿಯೇಷನ್ನಿಗೂ ಮಧ್ಯಸ್ಥಿಕೆ ಎನ್ನುತ್ತೇವೆ. ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲಿ ಕೂತು ಮಾತಾಡಿದರೆ ಒಪ್ಪಿಗೆಯಾಗದಿದ್ದಾಗ ಎದ್ದು ಬರಬಹುದು, ಕೇಸು ಕೇಸಾಗಿಯೇ ಉಳಿಯುತ್ತದೆ. ಆರ್ಬಿಟ್ರೇಷನ್ನಿನಲ್ಲಿ ಹಾಗೆ ಎದ್ದು ಬರುವಂತಿಲ್ಲ. ಅಲ್ಲಿ ಕೂತವರು ರಾಜಿ ಮಾಡಿಸುವವರಲ್ಲ, ತೀರ್ಪು ಕೊಡುವ ಖಾಸಗಿ ಜಡ್ಜು. ಅವರ ಐತೀರ್ಪು ಕೋರ್ಟಿನ ಡಿಕ್ರಿಯಂತೆಯೇ ಜಾರಿಯಾಗುತ್ತದೆ. ಊರಿನ ನ್ಯಾಯ ಪಂಚಾಯ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕಲಂ ಓದುವವರಿಗೆ "ಏನೋ ಕೂತು ಮಾತಾಡಿ ಬಗೆಹರಿಸಿಕೊಳ್ಳೋಣ ಅಂತ ಬರೆದಿದಾರೆ" ಅನ್ನಿಸುತ್ತದೆ. ಅಂಗಡಿಯವರು ಒಂದೇ ಸಾಲು ಸೇರಿಸಿದ್ದರೆ ಸಾಕಿತ್ತು: ಇದು ರಾಜಿಯಲ್ಲ, ಕೋರ್ಟಿನ ಬದಲಿಗೆ ಬರುವ ತೀರ್ಪು. ಅದಿಲ್ಲದೆ, ಎರಡು ಪಾಠಗಳಿಗೆ ವ್ಯತ್ಯಾಸ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ ಎಂದು 33ನೇ ಕಲಮಿನಲ್ಲಿ ಬೇರೆ ಬರೆದಿದ್ದಾರೆ.

ಈ ನಮೂನೆಯ ಮೂಲ ಎಲ್ಲಿಯದೆಂದು ಹುಡುಕಿಕೊಂಡು ಹೋಗಬೇಕಿಲ್ಲ, 28ನೇ ಕಲಮೇ ಬಾಯಿಬಿಡುತ್ತದೆ: "ಉದ್ಯೋಗಿಯು ಜ್ಯೂರಿ ವಿಚಾರಣೆಯ ಹಕ್ಕನ್ನು ಬಿಟ್ಟುಕೊಡುತ್ತಾನೆ." ಜ್ಯೂರಿಯನ್ನು ಈ ದೇಶ ಬಿಟ್ಟು ಅರ್ಧ ಶತಮಾನವಾಯಿತು. ಚನ್ನರಾಯಪಟ್ಟಣದ ಹೊಲಿಗೆ ಘಟಕದ ಹೆಣ್ಣುಮಗಳು ಬಿಟ್ಟುಕೊಡಲು ಆ ಹಕ್ಕು ಅವಳ ಹತ್ತಿರ ಇರಲೇ ಇಲ್ಲ. ಇದು ಅಮೆರಿಕದ ಕಾಗದ. ಅಲ್ಲಿ ಕೆಲಸಕ್ಕೆ ಸೇರುವಾಗಲೇ ಇಂಥ ಒಪ್ಪಂದಕ್ಕೆ ಸಹಿ ಹಾಕಿಸುವುದು ಮಾಮೂಲು, ಮತ್ತು ಅಲ್ಲಿ ಅದು ಗಟ್ಟಿಯಾಗಿ ನಿಲ್ಲುತ್ತದೆ. 1925ರ ಫೆಡರಲ್ ಆರ್ಬಿಟ್ರೇಷನ್ ಕಾಯ್ದೆ ಸಾಮಾನ್ಯ ಉದ್ಯೋಗ ಕರಾರುಗಳಿಗೂ ಅನ್ವಯಿಸುತ್ತದೆ, ಹೊರಗುಳಿಯುವುದು ಸಾರಿಗೆ ಕೆಲಸಗಾರರು ಮಾತ್ರ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ನೌಕರರು ಒಟ್ಟಾಗಿ ದಾವೆ ಹೂಡುವ ಹಕ್ಕನ್ನೂ ಹೀಗೆ ಸಹಿ ಮಾಡಿಸಿ ಬಿಡಿಸಬಹುದು ಎಂದು 2018ರಲ್ಲಿ ಹೇಳಿತು. ಲೈಂಗಿಕ ಕಿರುಕುಳದ ದೂರುಗಳನ್ನು ಈ ಕಟ್ಟಿನಿಂದ ಬಿಡಿಸಲು ಅವರಿಗೆ 2022ರಲ್ಲಿ ಹೊಸ ಕಾನೂನೇ ಬೇಕಾಯಿತು. ಆ ಕಾಗದವನ್ನು ತಂದು ಇಲ್ಲಿ "ಬೆಂಗಳೂರು" ಎಂದು ತುಂಬಿಸಿದ ಮಾತ್ರಕ್ಕೆ ಅದಕ್ಕೆ ಇಲ್ಲಿ ಅದೇ ಬಲ ಬರುವುದಿಲ್ಲ.

ಇಲ್ಲಿ ಬಲ ಎಷ್ಟು ಎಂಬುದು ಸಹಿ ಹಾಕಿದವರು ಯಾರು ಎಂಬುದರ ಮೇಲೆ ನಿಂತಿದೆ.

ಸಹಿ ಹಾಕಿದವರು ಕಾನೂನಿನ ಅರ್ಥದಲ್ಲಿ ಕಾರ್ಮಿಕರಾದರೆ 27ನೇ ಕಲಂ ಕೆಲಸ ಮಾಡುವುದಿಲ್ಲ. ಕೈಗಾರಿಕಾ ವಿವಾದಕ್ಕೆ ಶಾಸನವೇ ತನ್ನ ವೇದಿಕೆಯನ್ನು ಕಟ್ಟಿಕೊಟ್ಟಿರುವಾಗ ಖಾಸಗಿ ಕರಾರಿನ ಆರ್ಬಿಟ್ರೇಷನ್ ಅದನ್ನು ಕಿತ್ತುಕೊಳ್ಳಲಾಗದು ಎಂದು ಕರ್ನಾಟಕ ಹೈಕೋರ್ಟ್ 2017ರಲ್ಲೇ ಇನ್ನೋವಿಟಿ ಪ್ರಕರಣದಲ್ಲಿ ಹೇಳಿದೆ. 2024ರ ಡಿಸೆಂಬರ್‌ನಲ್ಲಿ ಹ್ಯುಂಡೈ ಆಟೋಎವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ವೇತನ ಬಾಕಿ ಮತ್ತು ವಜಾದ ತಕರಾರುಗಳು ಶಾಸನಬದ್ಧ ಪ್ರಾಧಿಕಾರಗಳ ಮುಂದಿದ್ದಾಗ ಆರ್ಬಿಟ್ರೇಟರ್ ನೇಮಕ ಕೇಳಿದ ಕಂಪನಿಯ ನಡೆ ಕಾನೂನಿನ ದುರ್ಬಳಕೆ ಎಂದು ಹೇಳಿ, ಹೈಕೋರ್ಟ್ ಮಾಡಿದ್ದ ನೇಮಕವನ್ನು ರದ್ದು ಮಾಡಿ, 5 ಲಕ್ಷ ರೂಪಾಯಿ ಖರ್ಚು ಹಾಕಿತು. ಆ ತೀರ್ಪುಗಳು ಬಂದದ್ದು 1936ರ ವೇತನ ಪಾವತಿ ಕಾಯ್ದೆ ಮತ್ತು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಡಿ. ಈಗ ಅವುಗಳ ಜಾಗದಲ್ಲಿ ಸಂಹಿತೆಗಳಿವೆ. ಶಾಸನದ ವೇದಿಕೆ ಮಾತ್ರ ಹಾಗೆಯೇ ಇರುವುದರಿಂದ ತರ್ಕವೂ ಹಾಗೆಯೇ ನಿಲ್ಲುತ್ತದೆ ಎಂಬುದು ನಮ್ಮ ಓದು. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆರ್ಬಿಟ್ರೇಷನ್ ಇದೆ, 42ನೇ ಕಲಮಿನಲ್ಲಿ. ಅದು ಸ್ವಇಚ್ಛೆಯದು, ವಿವಾದ ಎದ್ದ ಮೇಲೆ ಅಥವಾ ಏಳುವ ಸೂಚನೆ ಇದ್ದಾಗ ಮಾಡಿಕೊಳ್ಳುವಂಥದ್ದು, ಅದಕ್ಕೆ 1996ರ ಆರ್ಬಿಟ್ರೇಷನ್ ಕಾಯ್ದೆ ಅನ್ವಯಿಸುವುದೇ ಇಲ್ಲ. ಕೆಲಸಕ್ಕೆ ಸೇರುವ ದಿನ "ಇಲ್ಲಿ ಸೈನ್ ಹಾಕಮ್ಮ" ಎಂದು ತೆಗೆದುಕೊಂಡ ಒಪ್ಪಿಗೆಗೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ಕಾರ್ಮಿಕ ಯಾರು? ಮಲೆನಾಡಿನ ಕಡೆ ಇದು ಸೂಕ್ಷ್ಮ ಪ್ರಶ್ನೆ, ಸ್ವಲ್ಪ ನಿಂತು ನೋಡಬೇಕು. ಸಂಹಿತೆಯ ಪ್ರಕಾರ ಕೈಕೆಲಸ, ಕೌಶಲದ ಕೆಲಸ, ತಾಂತ್ರಿಕ ಕೆಲಸ, ಗುಮಾಸ್ತೆ ಕೆಲಸ ಮಾಡುವವರು ಕಾರ್ಮಿಕರು. ಸಂಬಳ ಎಷ್ಟೇ ಇರಲಿ. ಮೇಲ್ವಿಚಾರಣೆ ಮಾಡುವವರು ತಿಂಗಳಿಗೆ 18,000 ರೂಪಾಯಿ ಮೀರಿ ಪಡೆಯುತ್ತಿದ್ದರೆ ಹೊರಗೆ. ಹಳೆಯ ಕಾಯ್ದೆಯಲ್ಲಿ ಈ ಗೆರೆ 10,000ಕ್ಕಿತ್ತು. ಮುಖ್ಯವಾಗಿ ಮ್ಯಾನೇಜರಿಕೆ ಅಥವಾ ಆಡಳಿತದ ಕೆಲಸ ಮಾಡುವವರು ಸಂಬಳದ ಲೆಕ್ಕವಿಲ್ಲದೆ ಹೊರಗೆ. ಕಾಫಿ ತೋಟದ ರೈಟರ್ 22,000 ಪಡೆಯುತ್ತಾರೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಹಾಜರಿ ಬರೆದು, ಸಂಜೆ ಹಣ್ಣಿನ ತೂಕ ಬರೆದು, ಶನಿವಾರ ಬಟವಾಡೆಯ ಲೆಕ್ಕ ಮಾಡುವುದೇ ಅವರ ಮುಖ್ಯ ಕೆಲಸವಾದರೆ ಅದು ಗುಮಾಸ್ತೆ ಕೆಲಸ, ಅವರು ಕಾರ್ಮಿಕರು. ಅದೇ ರೈಟರ್ ಆಳುಗಳನ್ನು ಹಂಚಿ, ಕೆಲಸ ತೆಗೆಸಿ, ರಜೆ ಮಂಜೂರು ಮಾಡುವವರಾದರೆ ಮೇಲ್ವಿಚಾರಕರ ಲೆಕ್ಕಕ್ಕೆ ಬರುತ್ತಾರೆ, 18,000 ದಾಟಿರುವುದರಿಂದ ಹೊರಗೆ ಬೀಳುತ್ತಾರೆ. 16,000 ಪಡೆಯುವ ಮೇಸ್ತ್ರಿ ಮೇಲ್ವಿಚಾರಣೆ ಮಾಡಿದರೂ ಒಳಗೇ ಇರುತ್ತಾರೆ. ಹುದ್ದೆಯ ಹೆಸರಿಗೆ ಇಲ್ಲಿ ಬೆಲೆಯಿಲ್ಲ. ನಮೂನೆಯ ಮೊದಲ ಪುಟದಲ್ಲಿ "ಫ್ಲೋರ್ ಮ್ಯಾನೇಜರ್" ಎಂದು ಟೈಪಿಸಿಬಿಟ್ಟರೆ ಬಟ್ಟೆ ಮಡಿಸುವವರು ಮ್ಯಾನೇಜರಾಗುವುದಿಲ್ಲ. ಹಾಗಾಗಿ ಸಹಿ ಹಾಕುವ ಮುಂಚೆ ನೋಡಬೇಕಾದ್ದು 27ನೇ ಕಲಮಲ್ಲ, 2ನೇ ಕಲಂ, ಅಂದರೆ ಕೆಲಸದ ವಿವರ. ಅಲ್ಲಿ "ನೇಮಕ, ವಜಾ, ಶಿಸ್ತುಕ್ರಮದ ಅಧಿಕಾರ" ಎಂದು ಸುಮ್ಮನೆ ಸೇರಿಸಿದ್ದರೆ ಹೊಡೆಸಿ ಹಾಕಿಸಿ. ಜಗಳ ಬಂದಾಗ ಎದುರು ಪಾರ್ಟಿ ಮೊದಲು ತೋರಿಸುವುದು ಅದೇ ಸಾಲನ್ನು.

ಖಾಸಗಿ ಶಾಲೆಯ ಮೇಷ್ಟ್ರು ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಆದರೆ ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಮಿನಡಿ ವಜಾ ಆದೇಶದ ವಿರುದ್ಧ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಲು ಅವರಿಗೆ ದಾರಿಯಿದೆ. ಈ ನಮೂನೆಯನ್ನು ಶಾಲೆಗಳಿಗೂ ಮಾರುತ್ತಿರುವ ಅಂಗಡಿಗೆ ಇದರ ಪರಿವೆ ಇದ್ದಂತಿಲ್ಲ.

"ಕಿರುಕುಳ ಸೇರಿದಂತೆ" ಎಂಬ ಎರಡು ಪದವಂತೂ ಅಪಾಯಕಾರಿ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ದೂರು 2013ರ ಕಾಯ್ದೆಯಡಿ ಹೋಗಬೇಕು. ಹತ್ತು ಮತ್ತು ಅದಕ್ಕೂ ಹೆಚ್ಚು ಜನರಿದ್ದಲ್ಲಿ ಆಂತರಿಕ ಸಮಿತಿ, ಅದಕ್ಕಿಂತ ಕಡಿಮೆ ಜನರ ಹೋಂಸ್ಟೇಯಂಥ ಕಡೆ ಜಿಲ್ಲೆಯ ಸ್ಥಳೀಯ ಸಮಿತಿ, ಘಟನೆಯಾದ ಮೂರು ತಿಂಗಳೊಳಗೆ ದೂರು. ಈ ಕಲಮನ್ನು ನಂಬಿ ಬೆಂಗಳೂರಿನ ಆರ್ಬಿಟ್ರೇಟರಿಗಾಗಿ ಕಾದರೆ ಆ ಮೂರು ತಿಂಗಳು ಸದ್ದಿಲ್ಲದೆ ಕಳೆದುಹೋಗುತ್ತದೆ.

ಇನ್ನು ಈ ಕಲಂ ನಿಜಕ್ಕೂ ಕಟ್ಟಿಹಾಕುವವರ ವಿಷಯ: ರೆಸಾರ್ಟಿನ ಜನರಲ್ ಮ್ಯಾನೇಜರು, ಕಾರ್ಖಾನೆಯ ಅಕೌಂಟ್ಸ್ ಹೆಡ್ಡು, ಮಾರಾಟ ವಿಭಾಗದ ಮುಖ್ಯಸ್ಥರು. ಇವರು ಸಿವಿಲ್ ಕೋರ್ಟಿಗೆ ಹೋದರೆ ಕಂಪನಿ ತನ್ನ ಮೊದಲ ಹೇಳಿಕೆ ಸಲ್ಲಿಸುವುದರೊಳಗೆ 1996ರ ಆರ್ಬಿಟ್ರೇಷನ್ ಕಾಯ್ದೆಯ 8ನೇ ಕಲಮಿನಡಿ ಅರ್ಜಿ ಹಾಕಿ ಆರ್ಬಿಟ್ರೇಷನ್ನಿಗೆ ಕಳಿಸಿ ಎಂದು ಕೇಳಬಹುದು, ಕೋರ್ಟು ಸಾಮಾನ್ಯವಾಗಿ ಕಳಿಸುತ್ತದೆ. ಅಂದರೆ ಈ ಸರಕು ಮಾರಿಹೋಗುವುದು ನೂರು ಜನ ಹೊಲಿಗೆಯವರಿಗೆ, ಕೆಲಸಕ್ಕೆ ಬರುವುದು ಮೂವರು ಮ್ಯಾನೇಜರುಗಳ ಮೇಲೆ.

ಅವರ ಮೇಲಾದರೂ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದರೆ, ಬರೆದಿರುವ ರೀತಿ ನೋಡಿದರೆ ಇಲ್ಲ.

"ಆಡಳಿತ ನಿರ್ದೇಶಕರು ನೇಮಿಸುವ" ಎಂಬಲ್ಲೇ ತೂತು ಬಿದ್ದಿದೆ. 2015ರ ತಿದ್ದುಪಡಿಯಾದ ಮೇಲೆ ಕಾಯ್ದೆಯ 12(5)ನೇ ಕಲಂ ಮತ್ತು ಏಳನೇ ಅನುಸೂಚಿಯ ಪ್ರಕಾರ ಕಂಪನಿಯ ನೌಕರ, ಸಲಹೆಗಾರ, ನಿರ್ದೇಶಕ ಇಂಥವರು ಆರ್ಬಿಟ್ರೇಟರ್ ಆಗುವಂತಿಲ್ಲ. ತಾನೇ ಕೂರಲಾಗದವನು ಇನ್ನೊಬ್ಬನನ್ನು ಕೂರಿಸಲೂ ಆಗದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಟಿಆರ್‌ಎಫ್ ಪ್ರಕರಣದಲ್ಲಿ ಹೇಳಿತು. ಫಲಿತಾಂಶದಲ್ಲಿ ಹಿತಾಸಕ್ತಿ ಇರುವವರು ಏಕಪಕ್ಷೀಯವಾಗಿ ಏಕೈಕ ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಎಂದು 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿತು. ಹಾಗಾಗಿ ಈ ನಮೂನೆಯನ್ನು ನಂಬಿ ಎಂಡಿ ಸಾಹೇಬರು ನೇಮಿಸಿದ ವಕೀಲರು ವರ್ಷವಿಡೀ ಕೂತು ಕೊಟ್ಟ ತೀರ್ಪು ಕೊನೆಗೆ ಅದೊಂದೇ ಕಾರಣಕ್ಕೆ ಬಿದ್ದುಹೋಗಬಹುದು. ನಷ್ಟ ಇಬ್ಬರಿಗೂ.

ಖರ್ಚು ಸಮನಾಗಿ ಎಂಬ ಮಾತೂ ಅಷ್ಟೇ. ಏನೇ ಆದರೂ ಒಂದು ಕಡೆಯವರು ಖರ್ಚು ಭರಿಸಲೇಬೇಕು ಎಂಬ ಒಪ್ಪಂದ ವಿವಾದ ಹುಟ್ಟಿದ ಮೇಲೆ ಮಾಡಿಕೊಂಡದ್ದಾದರೆ ಮಾತ್ರ ಊರ್ಜಿತ ಎಂದು 31ಎ(5)ನೇ ಕಲಂ ಹೇಳುತ್ತದೆ. ಆದರೂ ನಡೆಯುವಾಗ ಆರ್ಬಿಟ್ರೇಟರು ಮುಂಗಡ ಠೇವಣಿ ಕೇಳಿದರೆ ಇಬ್ಬರಿಂದಲೂ ಸಮಪಾಲು ಕೇಳುತ್ತಾರೆ. ಎಷ್ಟಾಗಬಹುದು? ಕಾಯ್ದೆಯ ನಾಲ್ಕನೇ ಅನುಸೂಚಿಯ ಮಾದರಿ ದರದಲ್ಲಿ 5 ಲಕ್ಷದವರೆಗಿನ ವಿವಾದಕ್ಕೆ ಆರ್ಬಿಟ್ರೇಟರ್ ಫೀಸು 45,000 ರೂಪಾಯಿ, ಏಕೈಕ ಆರ್ಬಿಟ್ರೇಟರಾದರೆ ಅದರ ಮೇಲೆ ಶೇಕಡ 25 ಸೇರಿ 56,250. ಮೂಲ ವೇತನ 14,000, ಆರು ವರ್ಷ ಸೇವೆ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಗ್ರಾಚ್ಯುಟಿ 14,000 × 15 ÷ 26 × 6, ಅಂದರೆ 48,461. ಎರಡು ತಿಂಗಳ ಬಾಕಿ 28,000. ಒಟ್ಟು 76,461 ರೂಪಾಯಿ ವಸೂಲಿಗೆ ಅರ್ಧ ಫೀಸೇ 28,125. ಬೆಂಗಳೂರಿಗೆ ಹೋಗಿಬರುವ ಬಸ್ಸು, ಇಂಗ್ಲಿಷಿನಲ್ಲಿ ವಾದಿಸುವ ವಕೀಲರು, ಕೆಲಸ ತಪ್ಪಿದ ದಿನ ಬೇರೆ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಅರ್ಜಿ ಕೊಡಲು ಈ ಫೀಸಿಲ್ಲ.

ಆರ್ಬಿಟ್ರೇಷನ್ನಿನ ಪರವಾಗಿ ಹೇಳಬೇಕಾದ್ದನ್ನೂ ಹೇಳಬೇಕು: ಗಡುವು ಇದೆ. ನೇಮಕದ ನೋಟಿಸ್ ಸಿಕ್ಕ ಆರು ತಿಂಗಳಲ್ಲಿ ವಾದಪತ್ರಗಳು, ಆಮೇಲೆ 12 ತಿಂಗಳಲ್ಲಿ ತೀರ್ಪು, ಇಬ್ಬರೂ ಒಪ್ಪಿದರೆ ಇನ್ನಾರು ತಿಂಗಳು. ದೊಡ್ಡ ಸಂಬಳದ ಮ್ಯಾನೇಜರಿಗೆ, ವಿಷಯ ಊರ ಬಾಯಿಗೆ ಬೀಳಬಾರದು ಎನ್ನುವವರಿಗೆ, ಸಿವಿಲ್ ಕೋರ್ಟಿನ ವಾಯಿದೆಗಳಿಗಿಂತ ಇದು ವಾಸಿ. "ತೀರ್ಪು ಅಂತಿಮ" ಎಂದು ಬರೆದರೂ ಆರ್ಬಿಟ್ರೇಷನ್ ಕಾಯ್ದೆಯ 34ನೇ ಕಲಮಿನಡಿ ಮೂರು ತಿಂಗಳು, ಸಕಾರಣವಿದ್ದರೆ ಮೇಲೆ 30 ದಿನದೊಳಗೆ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಆದರೆ ಸಾಕ್ಷ್ಯವನ್ನೆಲ್ಲ ಮತ್ತೆ ತೂಗಿನೋಡುವ ಮೇಲ್ಮನವಿ ಅದಲ್ಲ.

ಸಹಿ ಆಗಿಹೋಗಿದೆ, ಈಗ ಕಂಪನಿಯಿಂದ ಆರ್ಬಿಟ್ರೇಷನ್ ನೋಟಿಸ್ ಬಂದಿದೆ ಎನ್ನುವವರು ಸಾಮಾನ್ಯವಾಗಿ ಎಡವುವುದು ಮೂರು ಕಡೆ. ಒಂದು, ಅಂಚೆಯಲ್ಲಿ ಬಂದ ನೋಟಿಸನ್ನು ವಾಪಸ್ ಕಳಿಸುವುದು. ನಿರಾಕರಿಸಿದರೂ ತಲುಪಿದ ಲೆಕ್ಕವೇ. ಒಳಗೇನಿದೆಯೆಂದು ನಿಮಗೆ ತಿಳಿಯದೆ ಹೋಗುತ್ತದೆ ಅಷ್ಟೇ. ಎರಡು, "ಇದು ನಡೆಯಲ್ಲ" ಎಂದು ಸುಮ್ಮನಿರುವುದು. ನೀವು ಬಾರದಿದ್ದರೂ ಆರ್ಬಿಟ್ರೇಟರ್ ಮುಂದುವರಿಸಿ ತೀರ್ಪು ಕೊಡಬಹುದು, ಆಮೇಲೆ ಅದನ್ನು ಕೀಳಿಸುವ ಹೊರೆ ನಿಮ್ಮದು. ನೋಟಿಸಿಗೆ 30 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ: ನಾನು ಕಾರ್ಮಿಕ, ಇದು ಕೈಗಾರಿಕಾ ವಿವಾದ, ಆರ್ಬಿಟ್ರೇಷನ್ನಿಗೆ ಒಳಪಡುವುದಿಲ್ಲ, ಏಕಪಕ್ಷೀಯ ನೇಮಕಕ್ಕೂ ನನ್ನ ಆಕ್ಷೇಪವಿದೆ. ಹಾಜರಾಗಬೇಕಾಗಿ ಬಂದರೆ ಅಧಿಕಾರವ್ಯಾಪ್ತಿಯ ಆಕ್ಷೇಪಣೆಯನ್ನು ನಿಮ್ಮ ಪ್ರತಿಹೇಳಿಕೆ ಸಲ್ಲಿಸುವುದರೊಳಗೇ ಎತ್ತಬೇಕು, ಆರ್ಬಿಟ್ರೇಷನ್ ಕಾಯ್ದೆಯ 16ನೇ ಕಲಂ ಅಷ್ಟೇ ಅವಕಾಶ ಕೊಡುವುದು. ಮೂರನೆಯದು ಎಲ್ಲಕ್ಕಿಂತ ದುಬಾರಿ. ಜಗಳ ಶುರುವಾದ ಮೇಲೆ "ಈ ಆರ್ಬಿಟ್ರೇಟರ್ ಬಗ್ಗೆ ನನ್ನ ತಕರಾರಿಲ್ಲ" ಎಂಬ ಒಂದು ಸಾಲಿನ ಪತ್ರಕ್ಕೆ ಸಹಿ ಕೇಳುತ್ತಾರೆ. ಮೇಲೆ ಹೇಳಿದ 12(5)ರ ರಕ್ಷಣೆ ಬಿಟ್ಟುಹೋಗುವುದು ಹೀಗೆ ವಿವಾದ ಹುಟ್ಟಿದ ಮೇಲೆ ಬರೆದುಕೊಟ್ಟಾಗ ಮಾತ್ರ. ಆ ಸಾಲನ್ನು ಬರೆದುಕೊಡಬೇಡಿ.

ಜೊತೆಜೊತೆಗೇ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿ. ವಜಾ ಪ್ರಕರಣವಾದರೆ ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದ ಮೇಲೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಹೊರಗಿನ ಗಡುವು ವಜಾ ಆದ ದಿನದಿಂದ ಎರಡು ವರ್ಷ. ಹಳೆಯ ಕಾಯ್ದೆಯ ಮೂರು ವರ್ಷವನ್ನು ನೆನಪಿಟ್ಟುಕೊಂಡವರು ಇಲ್ಲಿ ಮೋಸ ಹೋಗುತ್ತಾರೆ. ನೇಮಕಾತಿ ಪತ್ರ, ಸಂಬಳ ಜಮೆಯಾದ ಪಾಸ್‌ಬುಕ್ ಪುಟ, ಪಿಎಫ್ ಪಾಸ್‌ಬುಕ್ ಪ್ರಿಂಟು, ಐಡಿ ಕಾರ್ಡು, "ನಾಳೆಯಿಂದ ಬರಬೇಡಿ" ಎಂಬ ವಾಟ್ಸಾಪ್ ಮೆಸೇಜಿನ ಸ್ಕ್ರೀನ್‌ಶಾಟು ಇವಿಷ್ಟರ ಎರಡೆರಡು ಸೆಟ್ ಇಟ್ಟುಕೊಳ್ಳಿ. ಅರ್ಜಿಯ ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. 45 ದಿನ ಎಣಿಸುವುದು ಆ ತಾರೀಖಿನಿಂದ.

ಮಾಲೀಕರಿಗೂ ಒಂದು ಮಾತು. ಈ ನಮೂನೆಯನ್ನು ಕೊಂಡಾಗಿದ್ದರೆ ಪೂರ್ತಿ ಎಸೆಯಬೇಕಿಲ್ಲ. ಕಾರ್ಮಿಕರಿಗೆ ಕೊಡುವ ಪ್ರತಿಯಲ್ಲಿ 27, 28 ಎರಡನ್ನೂ ತೆಗೆಸಿ. ಇಟ್ಟುಕೊಂಡರೆ ಲಾಭವಿಲ್ಲ, ಮೇಲಿನ 5 ಲಕ್ಷದಂಥ ದಂಡಕ್ಕೆ ದಾರಿಯಾದೀತು. ಮ್ಯಾನೇಜರುಗಳ ಪ್ರತಿಯಲ್ಲಿ ನೇಮಕವನ್ನು ಇಬ್ಬರ ಒಪ್ಪಿಗೆಯಿಂದ, ಇಲ್ಲವಾದರೆ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರಿನಲ್ಲಿ ನಡೆಯುವ ಆರ್ಬಿಟ್ರೇಷನ್ ಕೇಂದ್ರದ ಮೂಲಕ ಎಂದು ಬರೆಸಿ. ಕಲಾಪದ ಜಾಗ ಹಾಸನ ಅಥವಾ ಚಿಕ್ಕಮಗಳೂರು, ಭಾಷೆ ಕನ್ನಡ ಅಥವಾ ಇಂಗ್ಲಿಷ್ ಎಂದಿರಲಿ. ಖರ್ಚು ಸಮನಾಗಿ ಎಂಬ ಸಾಲು ಹೋಗಲಿ. ಸ್ಟ್ಯಾಂಪ್ ವಿಷಯದಲ್ಲಿ ಜಿಪುಣತನ ಬೇಡ. ಸ್ಟ್ಯಾಂಪಿಲ್ಲದ ಆರ್ಬಿಟ್ರೇಷನ್ ಒಪ್ಪಂದ ಶೂನ್ಯವಲ್ಲ, ಸರಿಪಡಿಸಬಹುದಾದ ದೋಷ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2023ರ ಡಿಸೆಂಬರ್‌ನಲ್ಲಿ ಹೇಳಿದೆ, ನಿಜ. ಆದರೆ ಸರಿಪಡಿಸುವಾಗ ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯಡಿ ಕೊರತೆಯ ಹತ್ತು ಪಟ್ಟಿನವರೆಗೂ ದಂಡ ಬೀಳಬಹುದು.

ಕೊನೆಯ ಕೊರತೆ ತೀರಾ ಸಣ್ಣದು, ಆದರೆ ಅಂಗಡಿಯಲ್ಲೇ ಸರಿಹೋಗುವಂಥದ್ದು. ಪ್ಯಾಕೇಜಿನಲ್ಲಿ ಪ್ರಿಂಟು ಒಂದೇ, ಅದು ಆಫೀಸ್ ಫೈಲಿಗೆ ಹೋಗುತ್ತದೆ. ಸಹಿ ಕೊನೆಯ ಪುಟದಲ್ಲಿ ಮಾತ್ರ ಇರುವುದರಿಂದ ನಡುವಿನ ಹತ್ತು ಪುಟ ಬದಲಾದರೂ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಎರಡು ಪ್ರಿಂಟ್ ತೆಗೆಸಿ, ಪ್ರತಿ ಪುಟದ ಕೆಳಗೆ ಇಬ್ಬರ ಸಹಿಯೂ ಬೀಳಲಿ, ಒಂದು ಪ್ರತಿ ಅದೇ ದಿನ ಕೆಲಸಗಾರರ ಕೈಗೆ ಹೋಗಲಿ. ಕೊಡಲ್ಲ ಎಂದರೆ ಸಹಿ ಹಾಕುವ ಮುಂಚೆ ಹನ್ನೊಂದೂ ಪುಟದ ಫೋಟೋ ತೆಗೆದುಕೊಳ್ಳಿ. 2ನೇ ಕಲಂ ಇರುವ ಪುಟ ಮಸುಕಾಗದಂತೆ ನೋಡಿಕೊಳ್ಳಿ.